ಸಿದ್ದಲಿಂಗಪ್ಪನ ಮಿಕ್ಸ್ ಕ್ಯಾಸೆಟ್ಟು

ಘಾಟ್ಕೋಪರ್ ಸ್ಟೇಷನ್ನಿನ ಸೇತುವೆ ಮೆಟ್ಟಿಲ ಕೆಳಗೆ ಸಿದ್ದಲಿಂಗಪ್ಪನ ಅಂಗಡಿಯಿತ್ತು. ಅಂಗಡಿ ಅನ್ನುವುದು ಅವನ ಮಾತು. ನನ್ನ ಕಣ್ಣಿಗೆ ಅದೊಂದು ಬೀರು. ಅದರೊಳಗೆ ಬಿಜಾಪುರದ ಈ ದಪ್ಪ ಮನುಷ್ಯ, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಹಾಡು ಇಳಿಸುವ ಒಂದು ಡಬಲ್ ಡೆಕ್ಕು, ಮತ್ತು ಇಡೀ ಜಗತ್ತು. ಬಂದರಿನ ಖಲಾಸಿಗಳು ತಂದ ಆಫ್ರಿಕದ ಡೋಲು, ಪವಾಯಿಯ ಕಾಲೇಜು ಹಾಸ್ಟೆಲಿನ ಹುಡುಗರು ತಂದ ನ್ಯೂಯಾರ್ಕಿನ ಬೀದಿ ಕುಣಿತದ ಹಾಡು, ಎಲ್ಲವನ್ನೂ ಸೇರಿಸಿ ಮಿಕ್ಸ್ ಮಾಡಿ ಕೊಡುತ್ತಿದ್ದ. ಇಂಗ್ಲಿಷಿನ ಗಂಧವಿಲ್ಲ. ಆದರೆ ಯಾವ ಹಾಡಿನ ಬೆನ್ನಿಗೆ ಯಾವುದು ಬರಬೇಕೆಂದು ಅವನಿಗೆ ಗೊತ್ತಿತ್ತು. ನಡುವೆ ಮಾತಾಗಲಿ, ಸದ್ದಿಲ್ಲದ ಜಾಗವಾಗಲಿ ಬಂದರೆ ಕತ್ತರಿಸಿಬಿಡುತ್ತಿದ್ದ.

"ಅದೆಲ್ಲಾ ಕಸ ರೀ, ಜಯಸಿಂಹ ಸಾಹೇಬ್ರ," ಎನ್ನುತ್ತಿದ್ದ.

ನಾನು ಮೈಸೂರು ಕಡೆಯ ಬ್ಯಾಂಕ್ ಗುಮಾಸ್ತ, ಅವನ ಖಾಯಂ ಗಿರಾಕಿ, ಖಾಯಂ ಜಗಳಗಂಟನೂ ಹೌದು.

ನಮ್ಮ ವಠಾರದಲ್ಲಿ, ಅಲ್ಲಿಯವರ ಮಾತಲ್ಲಿ ಚಾಳಿನಲ್ಲಿ, ರುದ್ರವ್ವ ಅಂತ ಒಬ್ಬಳಿದ್ದಳು. ರೊಟ್ಟಿ ಬಡಿದು ಮಾರುತ್ತಿದ್ದಳು. ಗಂಡ ಗುರಲಿಂಗಪ್ಪ ಕುವೈತಿನಲ್ಲಿ ಲಾರಿ ಡ್ರೈವರ್. ಇಬ್ಬರಿಗೂ ಬರೆಯಲು ಬಾರದು, ಹಾಗಾಗಿ ಒಂದೇ ಕ್ಯಾಸೆಟ್ಟು ಊರಿಗೆ ಬಂದುಹೋಗುವವರ ಕೈಯಲ್ಲಿ ಓಡಾಡುತ್ತಿತ್ತು. ಅವನ ಮಾತನ್ನು ಅಳಿಸಿ ಅದರ ಮೇಲೆ ಇವಳ ಉತ್ತರ, ಇವಳ ಉತ್ತರದ ಮೇಲೆ ಅವನ ಮಾತು. ಅವನು ಕುವೈತಿನ ಬೀದಿಯ ಹಾಡುಗಳನ್ನೂ ಹಿಡಿದು ಕಳಿಸುತ್ತಿದ್ದ. ಆ ಹಾಡುಗಳನ್ನು ಸಿದ್ದಲಿಂಗಪ್ಪ ತನ್ನ ಮಿಕ್ಸಿಗೆ ಎತ್ತಿಕೊಳ್ಳುತ್ತಿದ್ದ.

ತೊಂಬತ್ತರ ಜುಲೈನಲ್ಲಿ ಬಂದ ಕ್ಯಾಸೆಟ್ಟನ್ನು ಮಾತ್ರ ಅಳಿಸುವುದು ಬೇಡವೆಂದು ರುದ್ರವ್ವ ಹೇಳಿದಳು. ದಿನವೂ ಅದರಲ್ಲಿ ಅಪ್ಪನ ದನಿ ಕೇಳದೆ ನಾಲ್ಕು ವರ್ಷದ ಮಗಳು ಉಣ್ಣುತ್ತಿರಲಿಲ್ಲ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೇನೂ ತುಂಬಲಾಗದು. ಸಿದ್ದಲಿಂಗಪ್ಪನೇ ತನ್ನ ಕೈಯಾರೆ ಮುರಿದ. ಆದರೆ ತಿಂಗಳ ಕೊನೆಗೆ, ಹಾಡು ಎತ್ತಿಕೊಂಡು ನಾಳೆ ಕೊಡುತ್ತೇನೆಂದು ಅದನ್ನು ಅಂಗಡಿಯಲ್ಲೇ ಇಟ್ಟುಕೊಂಡ.

ಆಗಸ್ಟಿನಲ್ಲಿ ಕುವೈತಿಗೆ ನೆರೆದೇಶದ ಸೈನ್ಯ ನುಗ್ಗಿತು. ಫೋನಿಲ್ಲ, ಸುದ್ದಿಯಿಲ್ಲ. ರುದ್ರವ್ವ ಬೆಳಗ್ಗೆ ಏರ್‌ಪೋರ್ಟಿಗೆ ಹೋಗಿ ಕುವೈತಿನಿಂದ ಬಂದಿಳಿದವರ ಮುಖ ನೋಡುತ್ತಿದ್ದಳು, ಮಧ್ಯಾಹ್ನ ಅಂಗಡಿಗೆ ಬರುತ್ತಿದ್ದಳು.

"ಅಣ್ಣಾರ, ನಮ್ಮವರ ಕ್ಯಾಸೆಟ್ ಕೊಡ್ರಿ. ಹುಡುಗಿ ಕೇಳಾಕತ್ತಾಳ."

ಒಂದು ದಿನ ಮಷೀನಿನ ಬೆಲ್ಟು ಹರಿದಿದೆ ಅಂದ. ಇನ್ನೊಂದು ದಿನ ಯಾರೋ ಒಯ್ದಿದ್ದಾರೆ ಅಂದ. ಮೂರನೆಯ ದಿನ ಅವಳ ಹಸಿರು ಸೀರೆ ದೂರದಲ್ಲಿ ಕಂಡದ್ದೇ ಶಟರ್ ಎಳೆದು ಪ್ಲಾಟ್‌ಫಾರಮ್ಮಿಗೆ ಓಡಿದ. ನಾನು ಅಲ್ಲೇ ಲೋಕಲ್ ರೈಲಿಗೆ ಕಾಯುತ್ತಿದ್ದೆ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಅಳಿಸೀನ್ರಿ ಸಾಹೇಬ್ರ. ಪವಾಯಿ ಹುಡುಗ್ರು ಅವಸರ ಮಾಡಿದ್ರು, ಖಾಲಿ ಕ್ಯಾಸೆಟ್ ಇರ್ಲಿಲ್ಲ. ಹಳೀ ಸಿನಿಮಾದ್ದು ಅನ್ಕೊಂಡು ಹಲ್ಲು ಮುರದ ತೂತಿಗೆ ಅಂಟುಪಟ್ಟಿ ಹಚ್ಚಿ ಕುಣಿಯೋ ಹಾಡು ತುಂಬಿಬಿಟ್ಟೆ. ಅಂವ ಬರದಿದ್ರ? ಅವನ ದನಿ ಕೊಂದಂವ ನಾನ ಆಗ್ತೀನಿ."

"ನಿನ್ನ ಕೈ ಸೇದಿಹೋಗ," ಎಂದೆ. ಬೈಯುವಾಗಲೇ ನನಗೂ ಭಯ ಹತ್ತಿತು. ಆ ಮಗು ನಾಳೆ ಅಪ್ಪನ ದನಿಯನ್ನು ಎಲ್ಲಿ ಹುಡುಕಬೇಕು?

ಆಗ ನೆನಪಾಯಿತು. ಅವನು ಕಳೆದ ಸಲ ಕೊಟ್ಟ ಮಿಕ್ಸಿನ ಬಗ್ಗೆ ನಾನು ಜಗಳ ಆಡಿದ್ದೆ. ಡೋಲಿನ ಹಾಡೊಂದರ ಬಾಲಕ್ಕೆ ಯಾರದೋ ಮಾತು ಅಂಟಿಕೊಂಡಿತ್ತು, ಇದೇನು ಕೆಲಸ ಎಂದು ಹಂಗಿಸಿದ್ದೆ. ಇಬ್ಬರೂ ನನ್ನ ಮನೆಗೆ ಓಡಿ ಆ ಕ್ಯಾಸೆಟ್ಟು ಹುಡುಕಿದೆವು. ಎಂಟೇ ಸೆಕೆಂಡು, ಆದರೆ ದನಿ ಗುರಲಿಂಗಪ್ಪನದೇ.

ಟೇಪ್ ರೆಕಾರ್ಡರ್ ಹಿಡಿದು ರುದ್ರವ್ವನ ಖೋಲಿಗೆ ಹೋದೆವು. ಸಿದ್ದಲಿಂಗಪ್ಪ ಹೊಸ್ತಿಲಲ್ಲೇ ನಿಂತ. ನಾನೇ ಗುಂಡಿ ಒತ್ತಿದೆ. ಡೋಲು ನಿಂತಿತು. "ಕೇಳಿದೇನ? ನಮ್ಮೂರ ಹಲಗಿ ಹಂಗ ಅದ ನೋಡು. ಇವರು ಸುಡಾನದವರು..." ಅಲ್ಲಿಗೆ ಕತ್ತರಿ.

ಮಗಳು ತಟ್ಟೆ ಬಿಟ್ಟು ಓಡಿಬಂದಳು. ರುದ್ರವ್ವ ಮೂರು ಸಲ ಹಾಕಿಸಿಕೊಂಡಳು.

"ಮುಂದಿಂದು?"

"ನನ್ನ ಕೈಲೆ ಅಳಿಸಿ ಹೋತು, ಅಕ್ಕಾರ," ಎಂದ ಸಿದ್ದಲಿಂಗಪ್ಪ ನೆಲ ನೋಡುತ್ತಾ.

ಅವಳು ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ಕಣ್ಣೊರೆಸಿಕೊಂಡು, "ಇದರಾಗ ತುಂಬಾಕ ಬರ್ತದಲ್ಲ? ಹಚ್ಚರಿ. ಮುಂದಿಂದು ನಾ ಹೇಳ್ತೀನಿ," ಎಂದಳು.

ಸಿದ್ದಲಿಂಗಪ್ಪ ಒಳಗೆ ಬಂದು ಕುಳಿತು ಗುಂಡಿ ಒತ್ತಿದ. ಅವಳು ಕಣ್ಣು ಮುಚ್ಚಿ ಗಂಡನ ಮಾತನ್ನು ಅವನದೇ ಧಾಟಿಯಲ್ಲಿ ಹೇಳತೊಡಗಿದಳು. "ಶುಕ್ರವಾರ ಬೀದ್ಯಾಗ ಕುಂತು ಬಾರಿಸ್ತಾರ. ಕೇಳಿದ್ರ ಊರು ನೆನಪಾಗ್ತದ. ಕೂಸಿನ ಕೆಮ್ಮು ಹೋತೇನ? ನೀ ಉಣ್ತೀಯೋ ಇಲ್ಲೋ?" ಅವನ ಕೆಮ್ಮನ್ನೂ ಬಿಡಲಿಲ್ಲ. ಒಂದು ಕಡೆ ಮಾತು ನಿಲ್ಲಿಸಿದಳು. ಅಭ್ಯಾಸಬಲದಿಂದ ಸಿದ್ದಲಿಂಗಪ್ಪನ ಬೆರಳು ನಿಲ್ಲಿಸುವ ಗುಂಡಿಯ ಕಡೆ ಹೋಯಿತು.

ಆಕೆ ಅವನ ಕೈ ಹಿಡಿದಳು. ಮಾತು ಪಿಸುಗುಟ್ಟಿದಂತೆ ಬಂತು.

"ತಡೀರಿ. ಇಲ್ಲಿ ಅವರು ಸ್ವಲ್ಪ ಹೊತ್ತು ಸುಮ್ನ ಇರ್ತಾರ. ಅದನ್ನೂ ಹಿಡೀರಿ."