ಬೀದಿಯ ಒಟಿಪಿಗಳೆಲ್ಲ ಬರುತ್ತಿದ್ದ ಫೋನು

ಇಸ್ತ್ರಿ ಅಕ್ಕ ಸೀನಿದರೆ ಇಡೀ ಬೀದಿಯ ವ್ಯಾಪಾರಕ್ಕೆ ನೆಗಡಿ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಸುಳ್ಳೇನಲ್ಲ. ಹಣ ಬಂದೊಡನೆ ಕೂಗಿ ಹೇಳುವ ಪುಟ್ಟ ಡಬ್ಬಿಗಳನ್ನು ಅಂಗಡಿ ಅಂಗಡಿಯಲ್ಲೂ ತಂದು ಕೂರಿಸಿದವನು ಅವಳ ತಮ್ಮ, ಪಾವತಿ ಕಂಪನಿಯೊಂದರ ಏಜೆಂಟ್. ಕೀಲಿ ಮಾಡುವವನಿಗೆ ಕಣ್ಣು ಮಂಜು, ಹೂವಿನವಳ ಕೈ ಸದಾ ಒದ್ದೆ, ಬ್ರೆಡ್ಡಿನವನಿಗೆ ಪುರುಸೊತ್ತಿಲ್ಲ. ಯಾರ ಫೋನ್ ನಂಬರ್ ಕೊಡಲಿ ಎಂದು ತಮ್ಮ ಕೇಳಿದಾಗ, "ಅಕ್ಕಂದೇ ಹಾಕಪ್ಪಾ, ಅವಳು ಮನೇಲೇ ಇರ್ತಾಳೆ" ಅಂದರು ಎಲ್ಲರೂ. ಅಂದಿನಿಂದ ಬೀದಿಯ ಒಟಿಪಿಗಳೆಲ್ಲ ಅವಳ ಫೋನಿಗೆ. ಕೆಳಗಿಂದ ಯಾರಾದರೂ ಕರೆದರೆ ಕಿಟಕಿಯಿಂದ ಅಂಕಿ ಕೂಗುತ್ತಿದ್ದಳು. ಯಾತಕ್ಕೆಂದು ಕೇಳಿದವಳಲ್ಲ.

ತಾಯಿ ತೀರಿದ ಮೇಲೆ ಆ ತಮ್ಮನನ್ನು ಸಾಕಿದವಳು ಅವಳೇ. ಮುಂದೆ ಅವಳ ಗಂಡ ಬಿಟ್ಟುಹೋದಾಗ, "ಬಾ ಅಕ್ಕ, ನಾನಿಲ್ವಾ" ಎಂದು ತನ್ನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟವನು ಅವನು.

ಒಂದು ಬೆಳಿಗ್ಗೆ ತಮ್ಮ ಕೆಲಸಕ್ಕೆ ಹೊರಡದೆ ಅವಳ ಇಸ್ತ್ರಿ ಮೇಜಿನೆದುರು ಬಂದು ನಿಂತ. ಮುಖದಲ್ಲಿ ರಕ್ತವಿಲ್ಲ.

"ಅಕ್ಕ, ಈಗ ಸಾಲಾಗಿ ಒಟಿಪಿ ಬರ್ತಾವೆ. ಹೇಳ್ತಾ ಹೋಗು."

"ಯಾರದೋ?"

"ಎಲ್ರದೂ. ಕಂಪನಿಯೋರು ಲೆಕ್ಕ ಬರೆಯೋ ಸಾಫ್ಟ್‌ವೇರ್ ಬಿಟ್ಟಿದ್ದಾರೆ. ತಿಂಗಳ ಚಂದಾ, ತಾನಾಗೇ ಕಟ್ ಆಗುತ್ತೆ. ಸಂಜೆಯೊಳಗೆ ಈ ಬೀದಿ ಸೇರಿಸ್ದಿದ್ರೆ ನನ್ನ ಕೆಲಸ ಹೋಯ್ತು."

"ಅವರಿಗೆ ಹೇಳಿದ್ದೀಯಾ?"

"ಹೇಳಿದ್ರೆ ಯಾರು ಒಪ್ತಾರಕ್ಕ?"

ಫೋನು ಗುಂಯ್ಗುಟ್ಟಿತು. ಬಟ್ಟೆ ಸುಟ್ಟ ವಾಸನೆ ಬಂದಾಗಲೇ ಪೆಟ್ಟಿಗೆ ಅಂಗಿಯ ಮೇಲೆ ನಿಂತಿದೆಯೆಂದು ಅವಳಿಗೆ ತಿಳಿದದ್ದು. ಎತ್ತಿ ಪಕ್ಕಕ್ಕಿಟ್ಟಳು. ತಮ್ಮ ಕೈಚಾಚಿದ. ಅವಳು ಫೋನನ್ನು ಸೆರಗಿನೊಳಗೆ ಸೇರಿಸಿ ಮೆಟ್ಟಿಲಿಳಿದೇ ಬಿಟ್ಟಳು.

"ಕೀಲಿಯಣ್ಣ, ನಿನ್ನ ಫೋನ್ ತೆಗಿ. ನನ್ನ ನಂಬರ್ ಕಿತ್ತುಹಾಕಿ ನಿಂದು ಹಾಕ್ಕೋ."

"ನಂಗ್ಯಾಕವ್ವಾ ಆ ಉಸಾಬರಿ? ನೀನೇನು ಸಾಯೋಕೆ ಹೊರಟಿದ್ದೀಯಾ?"

"ಇವತ್ತು ಹಾಕ್ಕೊಳ್ದಿದ್ರೆ ತಿಂಗಳು ತಿಂಗಳು ನಿನ್ನ ಜೇಬು ತೂತಾಗುತ್ತೆ. ತೆಗಿಯೋ, ನಿನ್ನ ದಮ್ಮಯ್ಯ!"

ಅವನು ಫೋನನ್ನು ಮೂಗಿಗೆ ತಾಗಿಸಿಕೊಂಡು ಒತ್ತತೊಡಗಿದ. ಅಷ್ಟರಲ್ಲಿ ಅವಳ ಫೋನಿಗೆ ಎರಡು ಸಂದೇಶ ಒಟ್ಟಿಗೇ ಬಂದವು. ಒಂದು ನಂಬರ್ ಬದಲಾಯಿಸಲು, ಇನ್ನೊಂದು ಮೇಲೆ ನಿಂತು ತಮ್ಮ ಕಳಿಸಿದ ಚಂದಾದ್ದು. ಎರಡೂ ಆರಂಕಿ, ಎರಡೂ ಒಂದೇ ಕಂಪನಿಯ ಹೆಸರಿನವು. ತಪ್ಪಿ ಚಂದಾದ್ದನ್ನು ಹೇಳಿದರೆ ಕಿಟಕಿಯಲ್ಲಿದ್ದ ತಮ್ಮನಿಗೆ ಕೇಳಿ ಮುಗಿಯಿತು. ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಓದಿದಳು. ಬೆವರಿನ ಬೆರಳಿಗೆ ಪರದೆ ಜಾರುತ್ತಿತ್ತು.

"ಬೇಗ ಹೇಳವ್ವಾ, ಟೈಮ್ ಮುಗಿಯುತ್ತಂತೆ!"

"ಬಾಯ್ಮುಚ್ಚು, ಓದೋಕೆ ಬಿಡು!"

ಅವನದು ಆಯಿತು. ಹೂವಿನವಳ ಹತ್ತಿರ ಓಡಿದಳು. ವಿಷಯ ಕೇಳಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಿನ್ನ ತಮ್ಮನ ಅನ್ನಕ್ಕೆ ಕಲ್ಲು ಹಾಕ್ತಿದ್ದೀಯಲ್ಲೇ" ಅಂದಳು.

"ಗೊತ್ತು ಕಣೇ. ನೀನು ಒತ್ತು."

ಕಿಟಕಿಯಿಂದ ತಮ್ಮ ಕರೆಯುತ್ತಲೇ ಇದ್ದ. ಮೊದಲು ಗದರಿದ, ಆಮೇಲೆ ಬೇಡಿದ, ಕೊನೆಗೆ ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ "ಅಕ್ಕೋ" ಅಂದ. ಅವಳು ಕತ್ತೆತ್ತಲಿಲ್ಲ. ಎತ್ತಿದ್ದರೆ ಅಂಕಿ ಹೇಳಿಬಿಡುತ್ತಿದ್ದಳು. ಬೀದಿಯ ಕೊನೆಯಲ್ಲಿದ್ದ ಬ್ರೆಡ್ಡಿನವನದೂ ಮುಗಿದಾಗ ಫೋನು ತಣ್ಣಗಾಯಿತು.

ಸಂಜೆ ತಮ್ಮನಿಗೆ ಕರೆ ಬಂತು. ನಾಳೆಯಿಂದ ಬರಬೇಡ ಅಂದರಂತೆ. ಅವನು ಗೋಡೆಗೆ ಒರಗಿ ಕೂತ. "ನಿನಗೆ ಬೀದಿಯೇ ದೊಡ್ಡದಾಯ್ತು, ನಾನಲ್ಲ" ಅಂದ.

"ನೀನು ಚಿಕ್ಕೋನಾಗಬಾರದು ಅಂತಾನೇ ಕಣೋ."

"ಈ ಮಾತು ಅಡುಗೆಮನೆ ಡಬ್ಬ ತುಂಬಿಸುತ್ತಾ, ಅಕ್ಕ?" ಒಳಗಿಂದ ಬಂದ ತಮ್ಮನ ಹೆಂಡತಿ ಕೇಳಿದಳು. ದನಿ ಏರಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತಮ್ಮನ ಎದುರು ಕೂತು ಅವನ ಅನ್ನ ಉಣ್ಣಲು ಇನ್ನು ತನ್ನ ಕೈ ಮೇಲೇಳದು ಎಂಬುದು ಅಕ್ಕನಿಗೆ ತಿಳಿಯಿತು. ಸೀರೆಗಳನ್ನು ಗಂಟು ಕಟ್ಟಿದಳು. ಹೂವಿನವಳ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿಯಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಮಗುವಿನಂತೆ ಸೊಂಟಕ್ಕೆ ಒತ್ತಿಕೊಂಡು ಹೊಸಿಲು ದಾಟಿದಳು.

ಎರಡು ಮೆಟ್ಟಿಲು ಇಳಿದಿದ್ದಳು, ಹಿಂದಿನಿಂದ ತಮ್ಮನ ದನಿ ಬಂತು.

"ಮುಂದಿನ ಮೆಟ್ಟಿಲು ಅಲ್ಲಾಡುತ್ತೆ. ನೋಡ್ಕೊಂಡು ಇಳಿ."

ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ "ಹೂಂ ಕಣೋ" ಅಂದು, ಗೋಡೆ ಹಿಡಿದು, ನಿಧಾನವಾಗಿ ಕಾಲಿಟ್ಟು ಇಳಿದುಹೋದಳು.