ಪೆನ್ಸಿಲಕ್ಕ ಸಾಹೇಬರ ತೋಳು ಅಳೆದದ್ದು

ನಮ್ಮ ಅಂಕಿ-ಅಂಶಗಳ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಪೆನ್ಸಿಲಕ್ಕ ಎಂದರೆ ಸೈ. ಯಾವ ಪಟ್ಟಿ ಕೈಗೆ ಬಂದರೂ ಮೊದಲು ಪ್ರತಿ ಕಾಲಂನ ತಲೆಯ ಮೇಲೆ ಅದರ ಅಳತೆ ಬರೆಯುತ್ತಾರೆ: ಟನ್ನೋ, ಮೀಟರೋ, ಯಾವ ದರದ ಡಾಲರೋ. ಅಂಕಿ ನೋಡುವುದು ಆಮೇಲೆ. ಮೂವತ್ತು ವರ್ಷದಿಂದ ದೇಶದ ಸರಕು ರಫ್ತಿನ ಪಟ್ಟಿ ಅವರದೇ. ಎದುರು ಮೇಜಿನಲ್ಲಿ ಕೂತ ನಾನೂ ಈ ಪೆನ್ಸಿಲ್ ಹುಚ್ಚಿಗೆ ನಕ್ಕವಳೇ.

ಈ ವರ್ಷ ಹೊಸ ಸಲಹೆಗಾರರೊಬ್ಬರು ಬಂದರು. ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಪಟ್ಟಿ ಮಾಡಿ, ದೇಶದ ಒಟ್ಟು ಉತ್ಪನ್ನದಲ್ಲಿ ರಫ್ತಿನ ಪಾಲು ನೂರಕ್ಕೆ ಎಂಟು ಎಂದುಬಿಟ್ಟರು. ಪೆನ್ಸಿಲಕ್ಕನ ಪಟ್ಟಿಯಲ್ಲಿ ಅದು ಇಪ್ಪತ್ತು. ಕಚೇರಿಯ ದೊಡ್ಡ ಸಾಹೇಬರು ನಂಬಿದ್ದು ಕಂಪ್ಯೂಟರನ್ನು. ಇಷ್ಟು ಸಣ್ಣ ಪಾಲಿಗೆ ಬೇರೆ ರಫ್ತು ವಿಭಾಗ ಯಾಕೆ, ಮುಚ್ಚಿಬಿಡೋಣ ಎಂದರು. ಗುರುವಾರದ ಸಭೆಯಲ್ಲಿ ಸಹಿ ಬೀಳುವುದಿತ್ತು.

"ರೆಕಾರ್ಡ್ ರೂಮಿಗೆ ಹಾಕಿದ್ರೂ ಹೋಗ್ತೀನಿ ಕಣೇ. ಆದ್ರೆ ಮೂವತ್ತು ವರ್ಷ ಸುಳ್ಳು ಬರೆದೆ ಅಂತಾಗತ್ತಲ್ಲ!" ಎಂದಾಗ ಅಕ್ಕನ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ಸಲಹೆಗಾರರ ಪಟ್ಟಿಗೇ ಪೆನ್ಸಿಲ್ ಹಿಡಿದರು. ಎರಡು ಕಾಲಂ. ಎರಡರ ಮೇಲೂ ಬರೀ 'ಡಾಲರ್'. ಯಾವ ಡಾಲರು? ಮೂಲ ಕಡತಗಳನ್ನು ಕೆದಕಿ ಕೆದಕಿ ಮಧ್ಯಾಹ್ನದ ಊಟವೂ ತಪ್ಪಿತು. ಕೊನೆಗೆ ಮೇಜು ಕುಟ್ಟಿ ನಕ್ಕರು.

"ನೋಡೇ, ಕೂದಲು ಕತ್ತರಿಸೋಕೆ ನಮ್ಮಲ್ಲಿ ಕಡಿಮೆ ಕೊಡ್ತೀವಿ, ಶ್ರೀಮಂತ ದೇಶದಲ್ಲಿ ಜಾಸ್ತಿ. ಕೆಲಸ ಒಂದೇ ತಾನೇ? ಅದಕ್ಕೇ 'ಕೊಳ್ಳುವ ಶಕ್ತಿ'ಯ ಲೆಕ್ಕದಲ್ಲಿ ನಮ್ಮ ಉತ್ಪನ್ನಕ್ಕೆ ಅವರ ಬೆಲೆ ಕಟ್ತಾರೆ. ನೂರು ಇದ್ದದ್ದು ಇನ್ನೂರೈವತ್ತು ಆಗತ್ತೆ. ದೇಶ ದೇಶ ಹೋಲಿಸೋಕೆ ಅದು ಸರೀನೇ. ಆದ್ರೆ ಹಡಗು ಹತ್ತಿದ ಸರಕು? ಅದು ಬ್ಯಾಂಕಿನ ದರದಲ್ಲಿ ಇಪ್ಪತ್ತೇ ಇದೆ. ಒಂದನ್ನ ಹಿಗ್ಗಿಸಿ ಇನ್ನೊಂದನ್ನ ಹಾಗೇ ಬಿಟ್ರೆ ಪಾಲು ಇಪ್ಪತ್ತರಿಂದ ಎಂಟಕ್ಕೆ ಕುಗ್ಗದೆ ಇನ್ನೇನಾಗತ್ತೆ?"

ಗುರುವಾರ ಕಡತ ಹೊತ್ತು ನಾನೂ ಸಭೆಗೆ ಹೋದೆ. ಅಕ್ಕ ಇದನ್ನೇ ಹೇಳಿದರು. ಸಲಹೆಗಾರರು ಮುಗುಳ್ನಕ್ಕು, "ಎರಡೂ ಡಾಲರೇ ಅಲ್ವಾ ಮೇಡಂ?" ಎಂದರು. ಸಾಹೇಬರು ಪೆನ್ನು ತೆರೆದರು.

ಅಕ್ಕನ ಯಜಮಾನರು ಟೈಲರ್. ಅವರ ಅಂಗಡಿಯಿಂದ ಬೆಳಿಗ್ಗೆ ಎತ್ತಿಕೊಂಡು ಬಂದಿದ್ದ ಟೇಪನ್ನು ಅಕ್ಕ ಬ್ಯಾಗಿನಿಂದ ತೆಗೆದರು.

"ಸರ್, ಸ್ವಲ್ಪ ಎದ್ದು ನಿಲ್ತೀರಾ?"

ಸಾಹೇಬರು ಕಕ್ಕಾಬಿಕ್ಕಿಯಾಗಿ ಎದ್ದು ನಿಂತರು. ಅಕ್ಕ ಅವರ ತೋಳು ಅಳೆದರು, ಟೇಪು ಮಗುಚಿ ಅಂಗಿಯ ಉದ್ದ ಅಳೆದರು, ಟೇಪನ್ನು ಅವರ ಕೊರಳಿಗೇ ಹಾಕಿದರು.

"ತೋಳು ಇಪ್ಪತ್ತನಾಲ್ಕು, ಅಂಗಿ ಎಪ್ಪತ್ತೈದು. ತೋಳು ಅಂಗಿಯ ಮೂರನೇ ಒಂದು ಪಾಲೂ ಇಲ್ಲ ಸರ್. ಟೈಲರನ್ನ ಕೆಲಸದಿಂದ ತೆಗೆಯೋಣ್ವಾ?"

ಸಾಹೇಬರು ತೋಳು ಚಾಚಿ ನೋಡಿಕೊಂಡರು. "ಏನ್ರೀ ಇದು! ತೋಳಿಗೆ ಇಂಚು, ಅಂಗಿಗೆ ಸೆಂಟಿಮೀಟರಾ?"

"ಎರಡೂ ಒಂದೇ ಟೇಪಲ್ವಾ ಸರ್?"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಸಲಹೆಗಾರರ ಮುಖ ಇಂಗು ತಿಂದ ಮಂಗನಂತಾಗಿತ್ತು. ಆದರೂ ಮನುಷ್ಯ ಒಳ್ಳೆಯವರೇ. ಇಪ್ಪತ್ತನ್ನು ನೂರಕ್ಕೆ ಹಿಡಿದು ಮತ್ತೆ ಲೆಕ್ಕ ಮಾಡಿ, "ಇಪ್ಪತ್ತೇ ಸರಿ, ತಪ್ಪು ನಂದು," ಎಂದು ಎಲ್ಲರೆದುರೇ ಒಪ್ಪಿಕೊಂಡು, ಅಕ್ಕನ ಹತ್ತಿರ ಪೆನ್ಸಿಲ್ ಕೇಳಿದರು. ಸಾಹೇಬರು ವಿಭಾಗ ಮುಚ್ಚುವ ಕಾಗದವನ್ನು ನಾಲ್ಕು ತುಂಡು ಮಾಡಿದರು. ಇನ್ನು ಮುಂದೆ ಅಳತೆ ಬರೆಯದ ಪಟ್ಟಿ ತಮ್ಮ ಮೇಜಿಗೆ ಬರಕೂಡದೆಂದು ಆಗಲೇ ಆದೇಶ ಬರೆಸಿದರು.

ಹೊರಗೆ ಬಂದವರೇ ಅಕ್ಕ ಯಜಮಾನರಿಗೆ ಫೋನ್ ಹಚ್ಚಿದರು. "ರೀ, ಗೆದ್ದೆ!"

"ಅದಿರ್ಲಿ, ಟೇಪ್ ಎಲ್ಲೇ? ಇಲ್ಲಿ ಗಿರಾಕಿ ಕೈ ಚಾಚ್ಕೊಂಡು ನಿಂತಿದ್ದಾರೆ!"

ಅಕ್ಕ ಬಾಗಿಲ ಸಂದಿಯಿಂದ ಒಳಗೆ ಇಣುಕಿದರು. ಮೂವತ್ತು ವರ್ಷದಲ್ಲಿ ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ಸಾಹೇಬ್ರ ಕೊರಳಲ್ಲಿದೆ ಕಣ್ರೀ!"