ಬಾಡದ ದೇವಿಯಕ್ಕ ಜೇನು ಹಂಚಿದ್ದು

ಸ್ನೇಹಿತರೇ, ಜೇನುತುಪ್ಪ ತರಲೆಂದು ಇಂದು ಕುಮಟೆಯಿಂದ ಬಾಡಕ್ಕೆ ಹೋದೆ. ಒಂದು ಹನಿಯೂ ಸಿಗಲಿಲ್ಲ.

ಅಲ್ಲಿಯ ದೇವಿಯಕ್ಕನ ಗಂಡ ಮೀನು ಹಿಡಿಯಲು ದೋಣಿಗೆ ಹೋಗುತ್ತಾರೆ, ಇವರು ಹಿತ್ತಲಿನಲ್ಲಿ ಜೇನು ಸಾಕುತ್ತಾರೆ. ಹಿಂದೆ ರೋಗ ಬಂದು ಊರಿನ ಜೇನುಪೆಟ್ಟಿಗೆಗಳೆಲ್ಲ ಖಾಲಿಯಾದಾಗ ಹುಳ ಉಳಿದದ್ದು ಇವರ ಒಂದೇ ಪೆಟ್ಟಿಗೆಯಲ್ಲಿ. ಅದನ್ನೇ ಬೆಳೆಸಿ, ಪಾಲು ಮಾಡಿ ಕೇಳಿದವರಿಗೆಲ್ಲ ಕೊಡುತ್ತಿದ್ದಾರೆ. ಪಾಲಾದ ಹುಳಗಳು ಮತ್ತೆ ಬಲಿಯುವವರೆಗೆ ನಮಗೆ ತುಪ್ಪ ಸಿಗುವುದಿಲ್ಲವಂತೆ.

ನನಗಿಂತ ಮೊದಲೇ ಬಂದು ಕೂತಿದ್ದ ಹೊನ್ನಾವರದ ಅಂಗಡಿಯವರೊಬ್ಬರು ರೇಗಿದರು. "ಅಕ್ಕಾ, ಎಂತ ಮಾಡ್ತಿದ್ರಿ ನೀವು? ಊರಿಗೆಲ್ಲ ಹುಳ ಹಂಚಿದ್ರೆ ನಾಳೆ ನಿಮ್ಮ ತುಪ್ಪ ಯಾರಿಗೆ ಬೇಕು?"

ದೇವಿಯಕ್ಕ ನಕ್ಕರು. "ನನ್ನ ಒಬ್ಬಳ ಹತ್ರನೇ ಇದ್ರೆ, ಮತ್ತೆ ರೋಗ ಬಂದಾಗ ನಾ ಯಾರ ಮನೆಗೆ ಹೋಗಿ ಕೇಳುದು? ಊರ ತುಂಬ ಜೇನಿದ್ರೆ ನಿಮ್ಮ ಅಂಗಡಿನೂ ತುಂಬ್ತದೆ."

ಅಂಗಡಿಯವರು ಮೆಲ್ಲಗೆ, "ಹಂಗಾರೆ ನಂಗೂ ಒಂದು ಪೆಟ್ಟಿಗೆ ಕೊಡಿ" ಎಂದರು.

"ಆತು. ಹುಳ ಎಲ್ಲ ಗೂಡಿಗೆ ಬರ್ಲಿ, ಕತ್ತಲಾದ ಮೇಲೆ ತಕಂಡು ಹೋಗಿ."

ಇಂಥ ಹೆಂಗಸಿನ ಎದುರು ಸುಮ್ಮನೆ ಎದ್ದು ಬರಲು ಮನಸ್ಸಾಗದೆ ಮುಂದಿನ ಪಾಲು ಹುಳ ನನಗೆಂದು ಹೇಳಿಬಂದಿದ್ದೇನೆ. ಅಲ್ಲಿಯವರೆಗೆ ನಮ್ಮ ಮನೆಯ ದೋಸೆಗೆ ಬೆಲ್ಲವೇ ಗತಿ.